ನೋವೂ ಇದೆ, ಪುರುಸೊತ್ತೂ ಇಲ್ಲ: ಓಟ ತಪ್ಪದಂತೆ ನೋಡಿಕೊಳ್ಳೋದು ಹೇಗೆ?

ಪ್ರಶ್ನೆ: ವಾರಕ್ಕೆ ನಾಲ್ಕು ದಿನ, ದಿನಕ್ಕೆ 5 ಕಿ.ಮೀ. ಓಡೋದು ಲೆಕ್ಕ. ಆದರೆ ಒಂದು ವಾರ ಹಿಮ್ಮಡಿ ಮೇಲಿನ ನರ ಬಿಗಿ, ಇನ್ನೊಂದು ವಾರ ಮಂಡಿ ನೋವು. ಎರಡೂ ಇಲ್ಲದ ವಾರ ಕೆಲಸದ ಹೊರೆ. ಹತ್ತು ಹದಿನೈದು ದಿನ ಬಿಟ್ಟುಹೋಗಿ ಮತ್ತೆ ಮೊದಲಿಂದ ಶುರು. ನೋವಿದ್ದಾಗ ಓಡಬಹುದಾ? ಸಮಯ ಸಿಗದ ದಿನ ಏನು ಮಾಡೋದು? ಬಲ್ಲವರು ಹೇಳಿ.

ಉತ್ತರ 1: ಓಡುವಾಗ ನೋವು ಎಷ್ಟಿತ್ತು ಅನ್ನೋದು ಅರ್ಧ ಮಾತ್ರ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹತ್ತು ಹೆಜ್ಜೆ ಉಳಿದರ್ಧ ಹೇಳುತ್ತೆ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ಮೂರರೊಳಗಿದ್ದು, ಓಡ್ತಾ ಓಡ್ತಾ ಏರದೆ, ಬೆಳಿಗ್ಗೆ ಹಿಂದಿನ ದಿನದಷ್ಟೇ ಇದ್ದರೆ ಮುಂದುವರಿಸಿ. ಬೆಳಿಗ್ಗೆ ಜಾಸ್ತಿಯಾಗಿದ್ದರೆ ನಿನ್ನೆಯ ಓಟ ಜಾಸ್ತಿಯಾಯ್ತು ಅಂತ ಅರ್ಥ, ಮುಂದಿನದ್ದನ್ನು ಅರ್ಧಕ್ಕೆ ಇಳಿಸಿ. ಮೈ ಬಿಸಿಯಾದ ಮೇಲೆ ನೋವು ಮಾಯವಾಯ್ತು ಅಂತ ನಂಬಿಬಿಡೋದೇ ಎಲ್ಲರೂ ಮಾಡುವ ತಪ್ಪು. ಕುಂಟಿಕೊಂಡಂತೂ ಓಡಲೇಬೇಡಿ, ನಾಳೆ ಇನ್ನೊಂದು ಕಾಲು ಹಿಡಿದುಕೊಳ್ಳುತ್ತೆ.

ಮೂಳೆಯ ನೋವಿಗೆ ಮಾತ್ರ ಈ ಲೆಕ್ಕ ಹಾಕಬೇಡಿ. ಮೊಣಕಾಲಿನ ಕೆಳಗೆ ಒಳಬದಿಯ ಮೂಳೆ ಗೇಣುದ್ದಕ್ಕೂ ನೋಯುತ್ತಿದ್ದರೆ ಅದು ಸಾಮಾನ್ಯವಾಗಿ ಶಿನ್ ಸ್ಪ್ಲಿಂಟ್ಸ್, ಅಂದರೆ ಓಟದ ಹೊರೆಗೆ ಆ ಮೂಳೆಯ ಅಂಚು ಕೆರಳಿರೋದು. ಆದರೆ ಬೆರಳ ತುದಿಯಷ್ಟು ಜಾಗ ಒತ್ತಿದಾಗ ಚುಳ್ಳೆನ್ನುವುದು, ಒಂಟಿಕಾಲಲ್ಲಿ ಕುಪ್ಪಳಿಸಿದರೆ ಅದೇ ಜಾಗ ನೋಯುವುದು, ರಾತ್ರಿ ಮಲಗಿದಾಗಲೂ ಕಾಡುವುದು, ಇವುಗಳಲ್ಲಿ ಯಾವುದಿದ್ದರೂ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಮೂಳೆಯ ಸಣ್ಣ ಬಿರುಕು ಮೊದಲ ಕೆಲವು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. "ಎಕ್ಸ್‌ರೇ ಸರಿಯಿದೆ" ಅಂತ ಮರುದಿನವೇ ಓಡಲು ಹೊರಡಬೇಡಿ.

ಉತ್ತರ 2: ಹಿಮ್ಮಡಿ ಮೇಲಿನದು ನರ ಅಲ್ಲ, ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟಿರುವ ಅಕಿಲಿಸ್ ಸ್ನಾಯುರಜ್ಜು. ಬರೀ ವಿಶ್ರಾಂತಿ ಕೊಟ್ಟರೆ ನೋವು ಮಲಗಿರುತ್ತೆ, ಓಡಿದ ಕೂಡಲೇ ಏಳುತ್ತೆ. ಅದಕ್ಕೆ ನಿಧಾನವಾಗಿ ಭಾರ ಹೊರುವ ಅಭ್ಯಾಸ ಮಾಡಿಸಬೇಕು. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗ ಮಾತ್ರ ಊರಿ, ಗೋಡೆ ಹಿಡಿದು ನಿಲ್ಲಿ. ಎರಡೂ ಕಾಲಿನ ಬಲದಿಂದ ಮೇಲೇಳಿ. ಈಗ ನೋವಿಲ್ಲದ ಕಾಲನ್ನು ಎತ್ತಿಬಿಡಿ. ನೋವಿರುವ ಕಾಲಿನ ಮೇಲೆ ಪೂರ್ತಿ ಭಾರ ಬಿಟ್ಟು, ಮೂರು ನಾಲ್ಕು ಎಣಿಸುವಷ್ಟು ನಿಧಾನವಾಗಿ, ಹಿಮ್ಮಡಿಯನ್ನು ಮೆಟ್ಟಿಲ ಮಟ್ಟಕ್ಕಿಂತ ಕೆಳಗಿಳಿಸಿ. ಮತ್ತೆ ಎರಡೂ ಕಾಲಲ್ಲಿ ಮೇಲಕ್ಕೆ. ಹೀಗೆ 15 ಸಲ, ಮೂರು ಸುತ್ತು ಮಂಡಿ ನೇರ ಇಟ್ಟು, ಇನ್ನು ಮೂರು ಸುತ್ತು ಮಂಡಿ ಕೊಂಚ ಮಡಚಿ. ಮಡಚಿದಾಗ ಮೀನಖಂಡದ ಒಳಗಿನ ಸೋಲಿಯಸ್ ಸ್ನಾಯುವಿಗೆ ಹೆಚ್ಚು ಕೆಲಸ. ದಿನಕ್ಕೆ ಎರಡು ಹೊತ್ತು, 12 ವಾರ. ಸ್ವೀಡನ್ನಿನ ಹಾಕನ್ ಆಲ್ಫ್ರೆಡ್ಸನ್ ತಂಡ 1998ರಲ್ಲಿ ಪ್ರಕಟಿಸಿದ ಕ್ರಮ ಇದು. ಮೂರನೇ ವಾರಕ್ಕೆ "ಏನೂ ಗುಣ ಕಾಣ್ತಿಲ್ಲ" ಅಂತ ಬಿಡುವವರೇ ಹೆಚ್ಚು.

ಒಂದು ಎಚ್ಚರ. ನೋವು ಮೂಳೆಗೆ ಅಂಟಿದ ಜಾಗದಲ್ಲೇ ಇದ್ದರೆ ಮೆಟ್ಟಿಲಿಂದ ಕೆಳಗೆ ಇಳಿಸಬೇಡಿ, ಸಮನೆಲದ ಮೇಲೆಯೇ ಮಾಡಿ. ಕೆಳಗಿಳಿಸಿದರೆ ರಜ್ಜು ಮೂಳೆಗೆ ಒತ್ತಿ ಇನ್ನೂ ಕೆರಳುತ್ತೆ.

ಉತ್ತರ 3: ಮಂಡಿಗೆ. ಚಿಪ್ಪಿನ ಸುತ್ತ ನೋವು, ಮೆಟ್ಟಿಲು ಇಳಿಯುವಾಗ ಮತ್ತು ತುಂಬಾ ಹೊತ್ತು ಕೂತಾಗ ಜಾಸ್ತಿ ಅಂತಾದರೆ ಮೊದಲು ಹೆಜ್ಜೆ ಎಣಿಸಿ. ಬಲಗಾಲು 30 ಸೆಕೆಂಡಿನಲ್ಲಿ ಎಷ್ಟು ಸಲ ನೆಲ ಮುಟ್ಟುತ್ತೆ ನೋಡಿ, ನಾಲ್ಕರಿಂದ ಗುಣಿಸಿ. 39 ಬಂದರೆ ನಿಮಿಷಕ್ಕೆ 156 ಹೆಜ್ಜೆ. ಅದನ್ನು ಶೇ. 5ರಷ್ಟು ಏರಿಸಿ, ಅಂದರೆ 39ರ ಜಾಗದಲ್ಲಿ 41. ಹೆಜ್ಜೆ ಚಿಕ್ಕದಾಗುತ್ತೆ, ಪಾದ ದೇಹದಿಂದ ದೂರ ಮುಂದಕ್ಕೆ ಬೀಳೋದು ತಪ್ಪುತ್ತೆ, ಮಂಡಿಯ ಮೇಲಿನ ಹೊರೆ ಇಳಿಯುತ್ತೆ. ವೇಗ ಮಾತ್ರ ಏರಬಾರದು. ಎಲ್ಲರೂ ಎಡವೋದು ಅಲ್ಲೇ: ಹೆಜ್ಜೆ ಜಾಸ್ತಿ ಮಾಡಿ ಅಂದರೆ ಜೋರಾಗಿ ಓಡ್ತಾರೆ. ಐದು ನಿಮಿಷಕ್ಕೊಮ್ಮೆ ಒಂದು ನಿಮಿಷ ಅಭ್ಯಾಸ ಮಾಡಿದರೆ ಸಾಕು. ಬೇಕೆಂದೇ ಮುಂಗಾಲ ಮೇಲೆ ಇಳಿಯಲು ಹೋಗಬೇಡಿ, ನಿಮ್ಮ ಅಕಿಲಿಸ್‌ಗೆ ಹೊರೆ ವರ್ಗವಾಗುತ್ತೆ.

ಉತ್ತರ 4: ನೋವು ಬೇರೆ, ಸಮಯದ ತಾಪತ್ರಯ ಬೇರೆ ಅಂತ ಕೇಳಿದ್ದೀರಿ. ಬಹಳ ಸಲ ಎರಡೂ ಒಂದೇ. ಮಂಗಳವಾರ, ಗುರುವಾರ ತಪ್ಪಿದ್ದನ್ನು ಸಾಲ ತೀರಿಸೋ ಹಾಗೆ ಭಾನುವಾರ ಒಟ್ಟಿಗೆ 10 ಕಿ.ಮೀ. ಓಡಿದರೆ ಸೋಮವಾರ ಮಂಡಿ ಹಿಡಿಯದೆ ಇನ್ನೇನು? ತಪ್ಪಿದ್ದು ತಪ್ಪಿತು, ಬಿಟ್ಟುಬಿಡಿ.

ಕೆಲಸ ಹೆಚ್ಚಿರುವ ವಾರ ದಿನ ಕಡಿಮೆ ಮಾಡಬೇಡಿ, ದೂರ ಕಡಿಮೆ ಮಾಡಿ. 20 ನಿಮಿಷ ಇದ್ದರೆ 4 ನಿಮಿಷ ಬಿರುಸಿನ ನಡಿಗೆ, 13 ನಿಮಿಷ ಮಾತಾಡುತ್ತಾ ಓಡಬಹುದಾದಷ್ಟು ನಿಧಾನದ ಓಟ, 3 ನಿಮಿಷ ನಡಿಗೆ. ಸಮಯ ಕಡಿಮೆ ಇದೆ ಅಂತ ಆ 13 ನಿಮಿಷ ದಬಾಯಿಸಿ ಓಡಬೇಡಿ. ದಿನಕ್ಕೆ ಎರಡು ಹೊತ್ತು ಗೊತ್ತು ಮಾಡಿಕೊಳ್ಳಿ, ಬೆಳಿಗ್ಗೆ ತಪ್ಪಿದರೆ ಸಂಜೆ ಇಂಥ ಹೊತ್ತು ಅಂತ. ಎರಡು ವಾರ ಪೂರ್ತಿ ಬಿಟ್ಟಿದ್ದರೆ ಅರ್ಧ ದೂರದಿಂದ ಶುರು ಮಾಡಿ, ಮೊದಲಿನ ದೂರಕ್ಕೆ ಇನ್ನೆರಡು ವಾರ ತಗೊಳ್ಳಿ. ಉಸಿರು ಬೇಗ ಹಿಡಿತಕ್ಕೆ ಬರುತ್ತೆ, ಸ್ನಾಯುರಜ್ಜು ನಿಧಾನ. ಉಸಿರನ್ನು ನಂಬಿ ದೂರ ಏರಿಸಿದವರೇ ಕಾಲು ಹಿಡಿದು ಕೂರೋದು.

ಕೇಳಿದವರು: ಹೌದು, ಭಾನುವಾರದ ಸಾಲ ನನ್ನದೇ! ಓಡುವ ಮುಂಚೆ ಒಂದು ನೋವಿನ ಮಾತ್ರೆ ತಗೊಳ್ಳಬಹುದಾ?

ಉತ್ತರ 1: ಬೇಡ. ಮೇಲೆ ಹೇಳಿದ ಅಂಕದ ಲೆಕ್ಕವೇ ಕೆಟ್ಟುಹೋಗುತ್ತೆ, ಮೂರರ ನೋವೋ ಆರರ ನೋವೋ ಗೊತ್ತಾಗಲ್ಲ. ಜೊತೆಗೆ ಬೆವರು ಸುರಿದು ನೀರು ಕಡಿಮೆಯಾದಾಗ ಐಬುಪ್ರೊಫೆನ್‌ನಂಥ ಮಾತ್ರೆ ಮೂತ್ರಪಿಂಡಕ್ಕೆ ಹೊರೆ.

ಉತ್ತರ 5: ಶೂ ಬಗ್ಗೆ ಯಾರೂ ಹೇಳಲಿಲ್ಲ. ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಬಾಳಿಕೆ. ವಾರಕ್ಕೆ 20 ಕಿ.ಮೀ. ಅಂದರೆ 25ರಿಂದ 40 ವಾರ. ಕೆಳಗಿನ ರಬ್ಬರ್ ಸವೆಯದೇ ಇದ್ದರೂ ಮಧ್ಯದ ಫೋಮ್ ಸೋತಿರುತ್ತೆ, ಆದ್ದರಿಂದ ಅಡಿ ನೋಡಿ ತೀರ್ಮಾನಿಸಬೇಡಿ. ಕೊಂಡ ತಾರೀಖನ್ನು ಶೂ ನಾಲಿಗೆಯ (ಲೇಸಿನ ಕೆಳಗಿನ ಪಟ್ಟಿ) ಒಳಬದಿಗೆ ಪೆನ್ನಲ್ಲಿ ಬರೆದಿಡಿ.