ಮಠ, ದೇವಸ್ಥಾನ, ಚರ್ಚು, ಮದರಸ: ಮಕ್ಕಳ ಜೊತೆ ಇರುವವರ ಪೊಲೀಸ್ ಪರಿಶೀಲನೆ – ವಕೀಲರನ್ನು ಕೇಳಿ

ಅಡ್ಮಿನ್: ಬೇಸಿಗೆ ಶಿಬಿರಗಳು ಹತ್ತಿರ ಬಂದವು. ಹಾಸನ ಕೋರ್ಟಿನಲ್ಲಿ ಮಕ್ಕಳ ಕೇಸು ನಡೆಸುವ ನಮ್ಮ ವಕೀಲ ಮೇಡಂ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಬೇಲೂರು: ನಮಸ್ಕಾರ ಮೇಡಂ. ನಮ್ಮ ದೇವಸ್ಥಾನದಲ್ಲಿ ಭಾನುವಾರ ಭಜನೆ ಕ್ಲಾಸ್ ಇದೆ. ಮೂವತ್ತು ಮಕ್ಕಳು ಬರುತ್ತಾರೆ. ಹೇಳಿಕೊಡುವವರಿಗೂ ಪೊಲೀಸ್ ವೆರಿಫಿಕೇಶನ್ ಬೇಕಾ? ನಮ್ಮದು ಶಾಲೆ ಅಲ್ಲವಲ್ಲ.

ವಕೀಲರು: ನಮಸ್ಕಾರ. ಬೇಕು. ಪೋಕ್ಸೋ ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಕಾಯ್ದೆ. ಅದರ 2020ರ ನಿಯಮಗಳಲ್ಲಿ 3ನೇ ನಿಯಮ ಬರೀ ಶಾಲೆಗೆ ಹೇಳಿದ್ದಲ್ಲ. ಮಕ್ಕಳನ್ನು ಇರಿಸಿಕೊಳ್ಳುವ, ಇಲ್ಲವೇ ಮಕ್ಕಳ ಜೊತೆ ನಿಯಮಿತವಾಗಿ ಒಡನಾಡುವ ಯಾವ ಸಂಸ್ಥೆಯಾದರೂ ಮಾಡಿಸಬೇಕು. ಮೇಷ್ಟ್ರು, ಅಡುಗೆಯವರು, ಡ್ರೈವರ್, ಗುತ್ತಿಗೆಯವರು ಎಲ್ಲ ಸೇರಿದರು. ಒಂದು ಸಲ ಮಾಡಿಸಿ ಬೀರುವಿನಲ್ಲಿ ಇಡುವುದಲ್ಲ, ಕಾಲಕಾಲಕ್ಕೆ ಮಾಡಿಸಬೇಕು. ಪೂಜೆ ಮಾಡಿ ಮಂಗಳಾರತಿ ಕೊಡುವ ಅರ್ಚಕರ ಮಾತು ಬೇರೆ. ವಾರ ವಾರ ಮೂವತ್ತು ಮಕ್ಕಳನ್ನು ಕೂರಿಸಿಕೊಂಡ ಮೇಲೆ ನೀವು ಅದರೊಳಗೆ ಬಂದಿರಿ.

ಕಡೂರು: ಸಂಬಳ ತಗೊಳ್ಳದೆ ಸೇವೆ ಮಾಡುವವರಿಗೆ?

ವಕೀಲರು: ಒಳ್ಳೆಯ ಪ್ರಶ್ನೆ. ನಿಯಮದಲ್ಲಿ ಸಿಬ್ಬಂದಿ, ನೌಕರರು ಅಂತಿದೆ. ಸ್ವಯಂಸೇವಕ ಎಂಬ ಪದ ಇಲ್ಲ. ಅದನ್ನೇ ಹಿಡಿದು ವಾದ ಮಾಡಬಹುದು. ಆದರೆ ಮಗುವಿಗೆ ಹೇಳಿಕೊಡುವವನಿಗೆ ಸಂಬಳ ಬರುತ್ತೋ ಇಲ್ಲವೋ ಎನ್ನುವುದರಿಂದ ಏನೂ ಬದಲಾಗುವುದಿಲ್ಲ. ಮಾಡಿಸಿ. ಸಂಬಳ ಬೇಡ, ರಾತ್ರಿ ಮಕ್ಕಳ ಜೊತೆ ನಾನೇ ಮಲಗುತ್ತೇನೆ ಅನ್ನುವವರದ್ದು ಮೊದಲು ಮಾಡಿಸಿ.

ಕಡೂರು: ಸೇವೆ ಮಾಡುವವರೆಲ್ಲ ಕೆಟ್ಟವರಾ ಹಾಗಾದರೆ?

ವಕೀಲರು: ನಾನು ಹಾಗೆ ಬರೆದಿಲ್ಲ.

ತರೀಕೆರೆ: ಅರ್ಜಿ ಎಲ್ಲಿ ಹಾಕೋದು ಮೇಡಂ?

ವಕೀಲರು: ಸೇವಾ ಸಿಂಧು ಪೋರ್ಟಲ್, ಪೊಲೀಸ್ ಇಲಾಖೆ ಸೇವೆಗಳು. ಅಲ್ಲಿ ತಲೆಬುಡ ಗೊತ್ತಾಗದಿದ್ದರೆ ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಸ್ಟೇಷನ್ನಿಗೆ ಪತ್ರ ಕೊಡಿ. ನಿಮ್ಮ ಕಾಪಿ ಮೇಲೆ ಸೀಲ್ ಹಾಕಿಸಿಕೊಳ್ಳಿ.

ಹೆಸರು ಬೇಡ ಎಂದವರು (ಅಡ್ಮಿನ್ ಮೂಲಕ): ನಾನು ಒಂದು ಮಠದ ಉಚಿತ ಹಾಸ್ಟೆಲಿನ ಕಮಿಟಿಯಲ್ಲಿದ್ದೇನೆ. 22 ಹುಡುಗರು. ದೀಪಾವಳಿ ಆದ ಮೇಲೆ ಹೊಸ ವಾರ್ಡನ್ ಬಂದರು. ಹಿಂದೆ ಬೇರೆ ಜಿಲ್ಲೆಯ ಆಶ್ರಮದಲ್ಲಿದ್ದರಂತೆ. ವರ್ಷದ ಮಧ್ಯೆಯೇ ಬಿಟ್ಟು ಬಂದಿದ್ದಾರೆ. ಪೊಲೀಸ್ ಪರಿಶೀಲನೆ ಆಗಲಿ ಎಂದೆ. 'ಗುರುಗಳ ಮಾತಿಗಿಂತ ಸ್ಟೇಷನ್ನಿನ ಕಾಗದ ದೊಡ್ಡದಾ' ಎಂದು ಹಿರಿಯರು ಬಾಯಿ ಮುಚ್ಚಿಸಿದರು. ಈಗ ಎರಡು ವಾರದಿಂದ ಆರನೇ ಕ್ಲಾಸಿನ ಒಬ್ಬ ಹುಡುಗ ಚಾಪೆ ಎತ್ತಿಕೊಂಡು ಹೋಗಿ ಉಗ್ರಾಣದಲ್ಲಿ ಅಡುಗೆ ಭಟ್ಟರ ಪಕ್ಕ ಮಲಗುತ್ತಿದ್ದಾನೆ. ಕೇಳಿದರೆ 'ಇಲ್ಲಿ ಬೆಚ್ಚಗಿದೆ' ಅನ್ನುತ್ತಾನೆ. ಇದು ಮಾರ್ಚ್ ತಿಂಗಳು ಮೇಡಂ.

ವಕೀಲರು: ಹಿಂದಿನ ಜಾಗದಿಂದ ಏನಾದರೂ ಪತ್ರ ತಂದಿದ್ದಾರಾ? ಏನಿದೆ ಅದರಲ್ಲಿ? ಊರಿನ ಗುರುತು ಸಿಗುವ ಏನನ್ನೂ ಬರೆಯಬೇಡಿ.

ಹೆಸರು ಬೇಡ ಎಂದವರು: ಮೂರು ಸಾಲು. 'ನಮ್ಮಲ್ಲಿ ಸೇವೆ ಸಲ್ಲಿಸಿರುತ್ತಾರೆ' ಅಂತಿದೆ. ತಾರೀಕಿಲ್ಲ. ಕೆಳಗಿದ್ದ ಫೋನ್ ನಂಬರಿಗೆ ಬಿಳಿ ಬಳಿದು ಮೇಲೆ ಬೇರೆ ನಂಬರ್ ಬರೆದಿದ್ದಾರೆ.

ಮೂಡಿಗೆರೆ: ನಮ್ಮ ಜಮೀನಿನ ಪೋಡಿ ವಿಷಯ ಇಲ್ಲಿ ಕೇಳಬಹುದಾ?

ಅರಸೀಕೆರೆ: *ಎಲ್ಲರೂ ಓದಿ* ಸಂವಿಧಾನದ 26ನೇ ವಿಧಿ ಪ್ರಕಾರ ಧಾರ್ಮಿಕ ಸಂಸ್ಥೆಗಳಿಗೆ ಪೊಲೀಸ್ ಪರಿಶೀಲನೆ ಅನ್ವಯಿಸುವುದಿಲ್ಲ. ಛಾಪಾ ಕಾಗದದ ಮೇಲೆ 'ನನ್ನ ಮೇಲೆ ಕೇಸಿಲ್ಲ' ಎಂದು ನೋಟರಿ ಮಾಡಿಸಿದರೆ ಸಾಕು. ಹತ್ತು ಗ್ರೂಪಿಗೆ ಕಳಿಸಿ.

ವಕೀಲರು: ಅರಸೀಕೆರೆಯವರೇ, ಇದನ್ನು ಅಳಿಸಿ. 26ನೇ ವಿಧಿಯ ಮೊದಲ ಸಾಲೇ 'ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು' ಎಂದು ಶುರುವಾಗುತ್ತದೆ. ಕಳಿಸಿದವರು ಅದನ್ನು ಓದಿಲ್ಲ, ನೀವೂ ಓದಿಲ್ಲ. ಇನ್ನು ಅಫಿಡವಿಟ್ಟು. ಕಳ್ಳನ ಕೈಯಲ್ಲೇ 'ನಾನು ಕಳ್ಳ ಅಲ್ಲ' ಅಂತ ಬರೆಸಿಕೊಂಡು ಬೀಗದ ಕೈ ಕೊಡುತ್ತೀರಾ?

ಹೆಸರು ಬೇಡ ಎಂದವರಿಗೆ ಈಗ. ನಿಧಾನವಾಗಿ ಓದಿ.

ಇಂಥ ಪತ್ರಗಳನ್ನು ನಾನು ಕೇಸಿನ ಫೈಲುಗಳಲ್ಲಿ ನೋಡಿದ್ದೇನೆ. ಒಂದು ಕಡೆ ಏನೋ ಆಗುತ್ತೆ. ಹಿರಿಯರು ಕೂತು ರಾಜಿ ಮಾಡುತ್ತಾರೆ. ಸಂಸ್ಥೆಯ ಹೆಸರು ಕೆಡಬಾರದು ಅಂತ ಆಸಾಮಿಯನ್ನು ಸದ್ದಿಲ್ಲದೆ ಸಾಗಹಾಕುತ್ತಾರೆ. ಜೊತೆಗೊಂದು ಪತ್ರ. ಸೇವೆ ಮಾಡಿದ್ದಾನೆ ಅಂತ ಇರುತ್ತೆ, ನಡತೆ ಬಗ್ಗೆ ಒಂದು ಮಾತೂ ಇರಲ್ಲ. ನಿಮ್ಮ ವಾರ್ಡನ್ ಹಾಗೇ ಅಂತ ನಾನು ಹೇಳುತ್ತಿಲ್ಲ, ನನಗೆ ಗೊತ್ತಿಲ್ಲ. ಆದರೆ ಇದೊಂದು ನೆನಪಿರಲಿ: ದೂರೇ ಆಗದಿದ್ದರೆ ಪೊಲೀಸರ ಕಾಗದವೂ ಚೊಕ್ಕವಾಗೇ ಬರುತ್ತದೆ. ಅದಕ್ಕೇ ಯಾರನ್ನೇ ಸೇರಿಸಿಕೊಳ್ಳುವಾಗಲೂ ಹಿಂದಿನ ಜಾಗಕ್ಕೆ ನೀವೇ ಫೋನ್ ಮಾಡಬೇಕು. ಪತ್ರದಲ್ಲಿರುವ ನಂಬರಿಗಲ್ಲ, ನೀವು ಬೇರೆ ಕಡೆ ಹುಡುಕಿದ ನಂಬರಿಗೆ. 'ಇವರನ್ನು ಮತ್ತೆ ನಿಮ್ಮ ಹಾಸ್ಟೆಲಿಗೆ ಕರೀತೀರಾ' ಅಂತ ಕೇಳಿ. ಆ ಕಡೆಯವರು ಎಷ್ಟು ಹೊತ್ತು ಸುಮ್ಮನಾಗುತ್ತಾರೆ ನೋಡಿ.

ನೀವು ಆ ಹಂತ ದಾಟಿಬಿಟ್ಟಿದ್ದೀರಿ. ಪೋಕ್ಸೋ 19ನೇ ಸೆಕ್ಷನ್ ಪ್ರಕಾರ ಅಪರಾಧ ಆಗಿದೆ ಎಂದು ತಿಳಿದವರಷ್ಟೇ ಅಲ್ಲ, ಆಗಬಹುದು ಎಂಬ ಆತಂಕ ಇರುವವರೂ ಪೊಲೀಸರಿಗೆ ತಿಳಿಸಬೇಕು. ಸಾಕ್ಷಿ ಹುಡುಕುವುದು ನಿಮ್ಮ ಕೆಲಸ ಅಲ್ಲ. ಪ್ರಾಮಾಣಿಕವಾಗಿ ತಿಳಿಸಿದವರ ಮೇಲೆ ಕೇಸು ಹಾಕಲು ಬರುವುದಿಲ್ಲ. ತಿಳಿದೂ ಸುಮ್ಮನಿದ್ದರೆ 6 ತಿಂಗಳವರೆಗೆ ಜೈಲು. ಸಂಸ್ಥೆಯ ಮುಖ್ಯಸ್ಥರೇ ಕೈಕೆಳಗಿನವರ ಅಪರಾಧ ಮುಚ್ಚಿಟ್ಟರೆ 1 ವರ್ಷದವರೆಗೆ. ಇದನ್ನು ನಿಮ್ಮ ಹಿರಿಯರಿಗೆ ತೋರಿಸಬೇಕಾಗಬಹುದು, ಆದರೆ ಇವತ್ತಲ್ಲ.

ಹುಡುಗನನ್ನು ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ಕಮಿಟಿ ಮುಂದೆ ನಿಲ್ಲಿಸಲೇಬೇಡಿ. ಅವನ ಹೇಳಿಕೆ ಬರೆದುಕೊಳ್ಳಲು ಪೊಲೀಸರು ಯೂನಿಫಾರ್ಮ್ ಹಾಕಿಕೊಳ್ಳದೆ, ಅವನಿರುವ ಕಡೆಗೇ ಬರಬೇಕು ಅಂತ ಕಾನೂನಿದೆ. ಅಲ್ಲಿಯವರೆಗೆ ಉಗ್ರಾಣದಲ್ಲೇ ಮಲಗಲಿ. ಬಾಗಿಲ ಕಡೆ ಭಟ್ಟರು ಮಲಗಲಿ. ಅವರಿಗೆ ಕಾರಣ ಹೇಳುವುದೂ ಬೇಡ, ನನಗನ್ನಿಸುವಂತೆ ಅವರಿಗೆ ಅರ್ಧ ಗೊತ್ತಿದೆ. ಈಗಲೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ನಾಳೆ ಅಲ್ಲ.

ಚನ್ನರಾಯಪಟ್ಟಣ: ಅರ್ಜಿ ಎಲ್ಲಿ ಹಾಕಬೇಕು ಮೇಡಂ?

ವಕೀಲರು: ಮೇಲೆ ಹೇಳಿದ್ದೇನೆ.

ಚಿಕ್ಕಮಗಳೂರು: ನಮ್ಮ ಮದರಸದ ಇಬ್ಬರು ಉಸ್ತಾದರು ಹೊರ ರಾಜ್ಯದವರು. ಆಧಾರ್ ಕಾಪಿ ಸ್ಟೇಷನ್ನಿಗೆ ಕೊಟ್ಟಿದ್ದೇವೆ. ಸಾಕಾ?

ವಕೀಲರು: ಸಾಲದು. ಆಧಾರ್ ಅಂದರೆ ಗುರುತು, ಪರಿಶೀಲನೆ ಅಲ್ಲ. ಅವರ ಊರಿನ ಸ್ಟೇಷನ್ನಿಂದ ವರದಿ ಬರಬೇಕು. ತಡ ಆಗುತ್ತೆ. ಅಲ್ಲಿಯವರೆಗೆ ಮಕ್ಕಳ ಜೊತೆ ಒಬ್ಬರೇ ಇರುವಂತೆ ಬಿಡಬೇಡಿ.

ಕಡೂರು: ಮದರಸಕ್ಕೆ ಎರಡು ಸಾಲು, ಮಠಕ್ಕೆ ಎರಡು ಪುಟ. ಎಲ್ಲರಿಗೂ ಕಾಣುತ್ತಿದೆ.

ಚಿಕ್ಕಮಗಳೂರು: ಸ್ವಾಮಿ, ನಾವು ಕೇಳಿದ್ದು ಎರಡು ಸಾಲಿನ ಪ್ರಶ್ನೆ.

ಸಕಲೇಶಪುರ: ನಮ್ಮ ಚರ್ಚಿನ ಸಂಡೇ ಸ್ಕೂಲಿನಲ್ಲಿ ಟೀಚರ್‌ಗಳಿಗೆಲ್ಲ ಹೋದ ವರ್ಷವೇ ಮಾಡಿಸಿದ್ದೇವೆ. ಯಾರ ಮರ್ಯಾದೆಯೂ ಹೋಗಲಿಲ್ಲ.

ಕಡೂರು: ನಿಮ್ಮ ಕಾನ್ವೆಂಟುಗಳ ಕಥೆ ಶುರು ಮಾಡಲಾ?

ಬೇಲೂರು: ಕಡೂರಿನವರೇ, ಅಲ್ಲೊಬ್ಬ ಹುಡುಗ ಉಗ್ರಾಣದಲ್ಲಿ ಮಲಗಿದ್ದಾನೆ. ನೀವು ಸಾಲು ಎಣಿಸುತ್ತಿದ್ದೀರಿ.

ವಕೀಲರು: ನಿಯಮದಲ್ಲಿ 'ಸಂಸ್ಥೆ' ಅಂತಿದೆ. ಧರ್ಮದ ಹೆಸರಿಲ್ಲ. ಧರ್ಮದ ಮಾತು ಬರುವುದು ಶಿಕ್ಷೆಯ ಜಾಗದಲ್ಲಿ. ಧಾರ್ಮಿಕ ಸಂಸ್ಥೆಯ ಆಡಳಿತದವರೋ ಸಿಬ್ಬಂದಿಯೋ ಅಲ್ಲಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದರೆ ಅದು ಇನ್ನೂ ಗಂಭೀರ ಅಪರಾಧ. ಸೆಕ್ಷನ್ 5 ಮತ್ತು 9. ಎಲ್ಲ ಧರ್ಮಕ್ಕೂ ಅದೇ.

ಆಲೂರು: ಸ್ನಾನದ ಮನೆ ಹೊರಗೆ ಸಿಸಿಟಿವಿ ಹಾಕಬಹುದಾ?

ಅರಸೀಕೆರೆ: ಮೇಡಂ, ಇದು ಫಾರ್ವರ್ಡ್ ಅಲ್ಲ, ನಿಜ. ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ಪಟ್ಟಿ ಇದೆಯಂತೆ. ಹೆಸರು ಹಾಕಿದರೆ ನಾವೇ ನೋಡಬಹುದಂತೆ. ಲಿಂಕ್ ಇದೆ.

ವಕೀಲರು: ಪಟ್ಟಿ ಇದೆ, 2018ರಲ್ಲಿ ಶುರುವಾಯಿತು. ಪೊಲೀಸರಂಥ ತನಿಖಾ ಸಂಸ್ಥೆಗಳಿಗೆ ಮಾತ್ರ ತೆರೆಯುತ್ತದೆ. ನಿಮ್ಮ ಲಿಂಕ್ ಒತ್ತಿದರೆ ನಿಮ್ಮ ಬ್ಯಾಂಕ್ ಖಾತೆ ತೆರೆದೀತು. ಇದು ಎರಡನೇ ಸಲ.

ಕೊಪ್ಪ: ಅರ್ಜಿ ಎಲ್ಲಿ ಸಿಗುತ್ತೆ?

ವಕೀಲರು: ಮೇಲೆ.

ಮೂಡಿಗೆರೆ: ಮೇಡಂ, ಪೋಡಿ?

ಹೆಸರು ಬೇಡ ಎಂದವರು: ಮೇಡಂ, ಮಾಡಿದೆ. ವಿಳಾಸ, ಹುಡುಗನ ವಯಸ್ಸು ಕೇಳಿ ಬರೆದುಕೊಂಡರು. ಬರುತ್ತಾರಂತೆ. ಕೈ ನಡುಗುತ್ತಿದೆ. ಹಿರಿಯರಿಗೆ ಈಗ ಹೇಳಲಾ?

ವಕೀಲರು: ಬೇಡ. ಅವರು ಬರುವ ಮುಂಚೆ ವಾರ್ಡನ್ ಕಿವಿಗೆ ಬಿದ್ದರೆ ಹುಡುಗನ ಬಾಯಿ ಮುಚ್ಚಿಸುತ್ತಾರೆ, ಇಲ್ಲ ಊರಿಗೆ ಕಳಿಸುತ್ತಾರೆ.

ಕಡೂರು: 22 ಹುಡುಗರು, ಸಂಸ್ಕೃತ ಹೇಳುವ ಹೊಸ ವಾರ್ಡನ್. ಇದು ಯಾವ ಮಠ ಅಂತ ನನಗೆ ಗೊತ್ತಾಯಿತು. ಅವರು ನಮ್ಮ ದೂರದ ನೆಂಟರು, ಬಂಗಾರದಂಥ ಮನುಷ್ಯ.

ಬೇಲೂರು: ಸಂಸ್ಕೃತ ಅಂತ ಇಲ್ಲಿ ಯಾರೂ ಬರೆದೇ ಇಲ್ಲವಲ್ಲ?

ವಕೀಲರು: ಕಡೂರಿನವರೇ, ಅದನ್ನು ಅಳಿಸಿ. ಮಗುವಿನ ಗುರುತು ಸಿಗುವಂತೆ ಬರೆಯುವುದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ. ವಾಟ್ಸಾಪಿಗೂ ಅನ್ವಯಿಸುತ್ತದೆ. ನೆಂಟರಿಗೆ ಫೋನ್ ಮಾಡಿದರೆ ನಿಮ್ಮ ಹೆಸರೂ ಪೊಲೀಸರಿಗೆ ಹೋಗುತ್ತದೆ, ಕೊಡುವವಳು ನಾನೇ.

ಕಡೂರು: ಬೆದರಿಸುತ್ತಿದ್ದೀರಾ?

ವಕೀಲರು: ಹೌದು. ಅಡ್ಮಿನ್, ಗ್ರೂಪ್ ಲಾಕ್ ಮಾಡಿ. ಹೆಸರು ಬೇಡ ಎಂದವರೇ, ನನ್ನ ಫೋನ್ ತೆಗೆಯಿರಿ. ಮೂರು ಸಲ ಮಾಡಿದೆ.