ಹಾಂಗ್‌ಕಾಂಗ್‌ನ ಡಿಮ್ ಸಮ್: ಸಸ್ಯಾಹಾರಿ ಹಿರಿಯರಿಗೆ ಏನು ತರಿಸಬಹುದು?

ಪ್ರಶ್ನೆ: ಮುಂದಿನ ತಿಂಗಳು ತಂದೆತಾಯಿಯರೊಂದಿಗೆ ಹಾಂಗ್‌ಕಾಂಗ್‌ಗೆ ಹೋಗಲಿದ್ದೇನೆ. ನಾನು ಎಲ್ಲವನ್ನೂ ತಿನ್ನುತ್ತೇನೆ, ಆದರೆ ಅವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮೂವರೂ ಒಟ್ಟಿಗೆ ಕುಳಿತು ಡಿಮ್ ಸಮ್ (ಚಹಾದ ಜೊತೆ ಬಡಿಸುವ ಸಣ್ಣ ಸಣ್ಣ ತಿನಿಸುಗಳು) ಸವಿಯಬೇಕೆಂಬ ಆಸೆಯಿದೆ. ದಯವಿಟ್ಟು ಸಲಹೆ ನೀಡಿ.

ಉತ್ತರ 1: ನೀವು ಹಾರ್ ಗೌ (ಸಿಗಡಿ ತುಂಬಿ ಹಬೆಯಲ್ಲಿ ಬೇಯಿಸಿದ ಕಡುಬು) ತಿನ್ನಲೇಬೇಕು, ಒಳಗಿನ ಸಿಗಡಿ ಕಾಣುವಷ್ಟು ತೆಳುವಾದ ಅದರ ಹೊದಿಕೆಯಿಂದಲೇ ಅಡುಗೆಯವರ ಕೈಚಳಕ ತಿಳಿಯುತ್ತದೆ. ಹಿರಿಯರ ವಿಷಯದಲ್ಲಿ ಮಾತ್ರ ಎಚ್ಚರವಿರಲಿ: ಮೂಲಂಗಿ ಕೇಕ್ ಎಂಬ ಹೆಸರನ್ನು ನಂಬಿ ತರಿಸಬೇಡಿ, ಏಕೆಂದರೆ ಅದರಲ್ಲಿ ಸಾಮಾನ್ಯವಾಗಿ ಒಣಸಿಗಡಿ ಮತ್ತು ಹಂದಿಮಾಂಸದ ಸಾಸೇಜ್ ಚೂರುಗಳಿರುತ್ತವೆ. ಬೌದ್ಧ ಸಂಪ್ರದಾಯದ ಸಸ್ಯಾಹಾರಿ ಹೋಟೆಲನ್ನು ಹುಡುಕುವುದೇ ಸರಿಯಾದ ದಾರಿ. ಕಟ್ಟುನಿಟ್ಟಾಗಿ ನಡೆಸುವ ಕಡೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲವಾದ್ದರಿಂದ ನಿಮ್ಮ ತಂದೆತಾಯಿಯವರು ನಿಶ್ಚಿಂತೆಯಿಂದ ಊಟ ಮಾಡಬಹುದು.

ಉತ್ತರ 2: ಸಿಹಿಯನ್ನು ಮರೆಯಬೇಡಿ. ಎಗ್ ಟಾರ್ಟ್ ನಿಮಗಷ್ಟೇ ಇರಲಿ. ಶುಂಠಿ ಪಾಕ ಹಾಕಿದ ಮೆತ್ತನೆಯ ತೋಫು ಸಿಹಿ, ಕರಿ ಎಳ್ಳನ್ನು ಅರೆದು ಕುದಿಸಿದ ಬಿಸಿ ಸೂಪ್, ಮಾವು, ಚಕ್ಕೋತ ಮತ್ತು ಸಬ್ಬಕ್ಕಿ ಸೇರಿಸಿದ ತಂಪಾದ ಸಿಹಿ ಇವೆಲ್ಲ ನಮ್ಮ ನಾಲಿಗೆಗೆ ಬಹಳ ಬೇಗ ಒಗ್ಗುತ್ತವೆ. ಮಾವಿನ ಪುಡಿಂಗ್‌ನಲ್ಲಿ ಹೆಚ್ಚಾಗಿ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಟಿನ್ ಇರುವುದರಿಂದ ಅದನ್ನು ವಿಚಾರಿಸಿಯೇ ತರಿಸಿ.

ಉತ್ತರ 3: ಡಿಮ್ ಸಮ್ ಬೆಳಗಿನಿಂದ ಮಧ್ಯಾಹ್ನದವರೆಗಿನ ಊಟ, ಆದ್ದರಿಂದ ಬೇಗ ಹೋಗಿ. ಚಹಾದ ಪಾತ್ರೆ ಖಾಲಿಯಾದಾಗ ಅದರ ಮುಚ್ಚಳವನ್ನು ಓರೆಯಾಗಿಟ್ಟರೆ ಸಿಬ್ಬಂದಿ ತಾವಾಗಿಯೇ ಬಿಸಿನೀರು ತುಂಬಿಸುತ್ತಾರೆ.