ಬಿಲಿಯನ್ ಎಂದರೆ ಎಷ್ಟು ಕೋಟಿ?

ಸುಮಾ, ಅಜ್ಜನ ಕಪಾಟಿನಲ್ಲಿರುವ ಲಂಡನ್ ಮುದ್ರಣದ ಹಳೆಯ ನಿಘಂಟು ‘ಬಿಲಿಯನ್’ ಎಂದರೆ ಮಿಲಿಯನ್ನಿನ ಮಿಲಿಯನ್ ಪಟ್ಟು ಎನ್ನುತ್ತದೆ, ನಿನ್ನ ಶಾಲೆಯ ಪುಸ್ತಕ ಸಾವಿರ ಮಿಲಿಯನ್ ಎನ್ನುತ್ತದೆ, ಯಾವುದು ಸರಿ ಎಂದು ಕೇಳಿದ್ದೀಯ. ನಿಘಂಟಿನಲ್ಲಿ ಅಚ್ಚಿನ ದೋಷವಿರಬೇಕೆಂದು ಭಾವನವರು ಬರೆದಿದ್ದಾರೆ. ಅವರ ಮಾತನ್ನು ಈ ಸಲ ಒಪ್ಪಲಾರೆ. ಬರೆದು ಮುಗಿಯುವ ವಿಷಯವಲ್ಲವಾದ್ದರಿಂದ ಮಾತಿನಲ್ಲೇ ಕಳುಹಿಸುತ್ತಿದ್ದೇನೆ.

ಆ ನಿಘಂಟು ಅಚ್ಚಾದ ಕಾಲಕ್ಕೆ ಬ್ರಿಟನ್ನಿನಲ್ಲಿ ಆ ಪದಕ್ಕೆ ಅದೇ ಅರ್ಥವಿತ್ತು. ಫ್ರಾನ್ಸಿನ ಗಣಿತಜ್ಞ ನಿಕೊಲಾ ಶುಕೆ 1484ರ ತನ್ನ ಹಸ್ತಪ್ರತಿಯಲ್ಲಿ, ಮಿಲಿಯನ್ನನ್ನು ಮಿಲಿಯನ್ನಿನಿಂದ ಒಮ್ಮೆ ಗುಣಿಸಿದರೆ ಬಿಲಿಯನ್, ಇನ್ನೊಮ್ಮೆ ಗುಣಿಸಿದರೆ ಟ್ರಿಲಿಯನ್ ಎಂಬ ಕ್ರಮವನ್ನು ಕೊಟ್ಟಿದ್ದ. ನನಗೆ ಈಗಲೂ ಅಚ್ಚುಕಟ್ಟಾಗಿ ಕಾಣುವುದು ಆ ಕ್ರಮವೇ. ಮುಂದೆ ಫ್ರಾನ್ಸಿನಲ್ಲೇ ಸಾವಿರ ಮಿಲಿಯನ್ನಿಗೆ ಆ ಹೆಸರನ್ನು ಬಳಸುವ ರೂಢಿ ಹುಟ್ಟಿತು. ಅಮೆರಿಕ ಅದನ್ನು ಹಿಡಿಯಿತು, ಬ್ರಿಟನ್ ಹಳೆಯದನ್ನೇ ಉಳಿಸಿಕೊಂಡಿತು. 1974ರ ಡಿಸೆಂಬರಿನಲ್ಲಿ, ಮಂತ್ರಿಗಳು ಈ ಪದವನ್ನು ಬ್ರಿಟಿಷ್ ಅರ್ಥದಲ್ಲೇ ಬಳಸುವಂತೆ ನೋಡಿಕೊಳ್ಳುವಿರಾ ಎಂದು ಸಂಸದರೊಬ್ಬರು ಕೇಳಿದಾಗ, ಪ್ರಧಾನಿ ಹೆರಾಲ್ಡ್ ವಿಲ್ಸನ್ ಇಲ್ಲವೆಂದು ಉತ್ತರಿಸಿದರು. ಜಗತ್ತೆಲ್ಲ ಸಾವಿರ ಮಿಲಿಯನ್ ಎಂದುಕೊಂಡಿರುವಾಗ ನಾವು ಬೇರೆಯಾಗಿ ಹೇಳಿದರೆ ಗೊಂದಲವಾಗುತ್ತದೆ ಎಂಬುದು ಅವರ ಕಾರಣ. ತಮಾಷೆಯೆಂದರೆ, ಅಷ್ಟು ಹೊತ್ತಿಗಾಗಲೇ, 1961ರಲ್ಲಿ, ಫ್ರಾನ್ಸ್ ಅಧಿಕೃತವಾಗಿ ಹಳೆಯ ಲೆಕ್ಕಕ್ಕೆ ಮರಳಿತ್ತು. ಜರ್ಮನ್ ಭಾಷೆಯಲ್ಲಿ ಇಂದಿಗೂ ಸಾವಿರ ಮಿಲಿಯನ್ನಿಗೆ ‘ಮಿಲಿಯಾರ್ಡೆ’ ಎನ್ನುತ್ತಾರೆ, ಅವರ ‘ಬಿಲಿಯೋನ್’ ಅದರ ಸಾವಿರ ಪಟ್ಟು ದೊಡ್ಡದು. ಮ್ಯೂನಿಕ್‌ನಲ್ಲಿರುವ ನಿನ್ನ ಅಣ್ಣನನ್ನು ಕೇಳಿ ನೋಡು.

ನಮ್ಮ ಲೆಕ್ಕದಲ್ಲಿ ಮಿಲಿಯನ್ ಎಂದರೆ ಹತ್ತು ಲಕ್ಷ, ಬಿಲಿಯನ್ ಎಂದರೆ ನೂರು ಕೋಟಿ, ಟ್ರಿಲಿಯನ್ ಎಂದರೆ ಒಂದು ಲಕ್ಷ ಕೋಟಿ. ಆದ್ದರಿಂದ ಅಜ್ಜನ ನಿಘಂಟಿನ ಬಿಲಿಯನ್ ಇಂದಿನ ಟ್ರಿಲಿಯನ್ನಿಗೆ ಸಮ. 1974ಕ್ಕಿಂತ ಹಿಂದಿನ ಬ್ರಿಟಿಷ್ ಪುಸ್ತಕವನ್ನಾಗಲಿ, ಜರ್ಮನ್ ಅಥವಾ ಸ್ಪ್ಯಾನಿಷ್ ಬರಹವನ್ನಾಗಲಿ ಕನ್ನಡಕ್ಕೆ ತರುವವರು ಮೊದಲು ಇದನ್ನು ವಿಚಾರಿಸಿಕೊಳ್ಳಬೇಕು, ಇಲ್ಲವಾದರೆ ಮೂರು ಸೊನ್ನೆ ಹೆಚ್ಚು ಕಡಿಮೆಯಾಗಿಬಿಡುತ್ತದೆ.

ಪತ್ರಿಕೆಗಳು ಬರೆಯುವ ‘ಶತಕೋಟಿ’ ತಪ್ಪಲ್ಲ, ‘ಶತಕೋಟ್ಯಧಿಪತಿ’ ಎಂಬಲ್ಲಿ ಚೆನ್ನಾಗಿಯೇ ಒಪ್ಪುತ್ತದೆ. ಆದರೆ ‘1.4 ಶತಕೋಟಿ ಜನ’ ಎಂದು ಓದಿದವರು ಮನಸ್ಸಿನಲ್ಲೇ ಗುಣಿಸಬೇಕಾಗುತ್ತದೆ; 140 ಕೋಟಿ ಎಂದರೆ ಮುಗಿಯಿತಲ್ಲ! ಇದಕ್ಕಿಂತ ಕೆಟ್ಟದ್ದೆಂದರೆ, ಎರಡು ಬಿಲಿಯನ್ ಡಾಲರನ್ನು 200 ಕೋಟಿ ಎಂದಷ್ಟೇ ಬರೆದು ಡಾಲರನ್ನು ಬಿಟ್ಟುಬಿಡುವುದು. ಓದುಗ ಅದನ್ನು ರೂಪಾಯಿಯೆಂದೇ ತಿಳಿಯುತ್ತಾನೆ.

ಇಂಗ್ಲಿಷಿನಲ್ಲಿ ಬರೆಯುವಾಗ ಸಂಖ್ಯೆಯ ಜೊತೆ ‘ಟೂ ಬಿಲಿಯನ್’ ಎಂದೇ ಇರಲಿ, ‘ಬಿಲಿಯನ್ಸ್’ ಬೇಡ. ನಿರ್ದಿಷ್ಟ ಸಂಖ್ಯೆಯಿಲ್ಲದಿದ್ದರೆ ಮಾತ್ರ ‘ಬಿಲಿಯನ್ಸ್ ಆಫ್’ ಬರುತ್ತದೆ. ಪರೀಕ್ಷೆಯಲ್ಲಿ ಒಂದರ ಮುಂದೆ ಒಂಬತ್ತು ಸೊನ್ನೆ ಹಾಕು. ಅಲ್ಪವಿರಾಮವನ್ನು 1,000,000,000 ಎಂದು ಹಾಕಬೇಕೋ 1,00,00,00,000 ಎಂದು ಹಾಕಬೇಕೋ ಎಂಬುದನ್ನು ನಿಮ್ಮ ಮೇಷ್ಟ್ರನ್ನು ಮೊದಲೇ ಕೇಳಿಕೊಂಡಿರು.